ಹೊಲದ ಕಾವಲುಗಾರರು, ಹೊಲದ ಕಳ್ಳರು

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಪೂಜ್ಯರು ಹದಿನೈದು ದಿನದ ಹಿಂದೆ ನನ್ನನ್ನು ಕರೆದು, ‘ಈ ಸಲ ನೀವು ಮಾತಾಡಬೇಕು, ವಿಷಯ ನಿಮಗೆ ಬಿಟ್ಟದ್ದು’ ಎಂದು ಅಪ್ಪಣೆ ಕೊಟ್ಟರು. ಹೊಲದ ಹುಳಗಳ ಬಗ್ಗೆ ಮಾತಾಡುತ್ತೇನೆ ಎಂದೆ. ಅಲ್ಲಿ ಕುಳಿತಿದ್ದ ಒಬ್ಬ ಹಿರಿಯರು ನಕ್ಕು, ‘ಕಾಲುವೆ ಕಟ್ಟಿದವರು ಹುಳದ ಬಗ್ಗೆ ಏನು ಹೇಳುತ್ತೀರಿ?’ ಎಂದರು. ಅವರ ಮಾತು ಸರಿ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ದುಡಿದದ್ದು ಸರ್ಕಾರದ ನೀರಾವರಿ ಕೆಲಸದಲ್ಲಿ. ಕೀಟಶಾಸ್ತ್ರ ನನ್ನ ವಿದ್ಯೆಯಲ್ಲ. ಆದರೆ ನಿವೃತ್ತನಾಗಿ ಊರಿಗೆ ಬಂದು ತಂದೆಯವರ ಹೊಲಕ್ಕೆ ಇಳಿದ ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಆ ತಪ್ಪು ನನ್ನನ್ನು ಮತ್ತೆ ವಿದ್ಯಾರ್ಥಿಯನ್ನಾಗಿ ಮಾಡಿತು. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಈ ಸನ್ನಿಧಿಯಲ್ಲಿ ಸಲ್ಲದು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ತಪ್ಪು

ನಮ್ಮದು ಐದು ಎಕರೆ ತೊಗರಿ, ಬೋರ್‌ವೆಲ್ ಕೆಳಗೆ ಒಂದು ಎಕರೆ ಮೆಣಸಿನಕಾಯಿ. ಮೊದಲ ವರ್ಷ ಮೆಣಸಿನ ಗಿಡದ ಎಲೆಯ ಅಂಚು ಮೇಲಕ್ಕೆ ಮುದುಡತೊಡಗಿತು. ಎಲ್ಲರೂ ಮುಟುರು ಎಂದರು. ಪೇಟೆಗೆ ಹೋಗಿ ಅಂಗಡಿಯಲ್ಲಿ ಹೇಳಿದೆ. ಅವರು ಗಿಡವನ್ನೂ ನೋಡಲಿಲ್ಲ, ಹುಳವನ್ನೂ ನೋಡಲಿಲ್ಲ, ಮೂರು ಬಾಟಲಿ ಇಟ್ಟು ‘ಮೂರೂ ಕೂಡಿಸಿ ಹೊಡೀರಿ ಸಾಹೇಬ್ರ’ ಎಂದರು. ನಾನೂ ಕೇಳಲಿಲ್ಲ. ಆರು ವಾರದಲ್ಲಿ ನಾಲ್ಕು ಸಲ ಎಣ್ಣೆ ಹೊಡೆಸಿದೆ.

ನಾಲ್ಕನೆಯ ಸಲದ ಹೊತ್ತಿಗೆ ಎಲೆಯ ಅಂಚು ಮೇಲಕ್ಕಲ್ಲ, ಕೆಳಕ್ಕೆ ಮುದುಡತೊಡಗಿತ್ತು. ಗಿಡ ಇನ್ನೂ ಹದಗೆಟ್ಟಿತು. ಅಂಗಡಿಯವರು ಇನ್ನೂ ಖಡಕ್ಕಾದದ್ದು ಕೊಟ್ಟರು. ಅದನ್ನು ಹೊಡೆದ ದಿನ, ನಮ್ಮ ಹೊಲದಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ತಮ್ಮ, ಮಧ್ಯಾಹ್ನ ಬದುವಿನ ಮೇಲೆ ಕುಳಿತವನು ಏಳಲಿಲ್ಲ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ಆ ಬಿಸಿಲಿನಲ್ಲಿ, ಗಾಳಿಗೆ ಎದುರಾಗಿ, ಮುಖಕ್ಕೆ ಒಂದು ಬಟ್ಟೆಯೂ ಇಲ್ಲದೆ ಅವನು ಪಂಪು ಹೊತ್ತು ನಡೆದಿದ್ದ. ಕೈಗವಸು ತಂದುಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆಸ್ಪತ್ರೆಗೆ ಒಯ್ದಾಗ ವೈದ್ಯರು ಮೊದಲು ಕೇಳಿದ್ದು, ‘ಬಾಟಲಿ ತಂದೀರೇನ್ರಿ?’ ಎಂದು. ತಂದಿರಲಿಲ್ಲ. ಮತ್ತೆ ಹೊಲಕ್ಕೆ ಓಡಿ ತಂದೆವು. ನಾಲ್ಕು ದಿನ ಅವನು ಆಸ್ಪತ್ರೆಯಲ್ಲಿದ್ದ. ದೇವರು ದೊಡ್ಡವನು, ಉಳಿದ.

ಮನೆಗೆ ಬಂದ ಮೇಲೆ ಅವನ ಹೆಂಡತಿ ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದಳು: ‘ಅಣ್ಣಾರ, ಹುಳ ಸಾಯ್ಲಿ ಅಂತ ಹೊಡಿಸಿದ್ರಿ. ಹುಳ ಸಾಯ್ಲಿಲ್ಲ, ನನ್ನ ಗಂಡ ಸಾಯ್ತಿದ್ದ.’ ಅವಳು ಸಿಟ್ಟು ಮಾಡಲಿಲ್ಲ, ಪರಿಹಾರ ಕೇಳಲಿಲ್ಲ. ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಬಂಧುಗಳೇ, ಮೂವತ್ತು ವರ್ಷಕ್ಕೂ ಮೇಲೆ ನೌಕರಿ ಮಾಡಿದ್ದೇನೆ. ಕಾಲುವೆಯಲ್ಲಿ ನೀರು ಸೋರುತ್ತಿದೆ ಎಂದು ದೂರು ಬಂದರೆ, ಎಲ್ಲಿ ಸೋರುತ್ತಿದೆ, ಎಷ್ಟು ಸೋರುತ್ತಿದೆ ಎಂದು ಅಳೆಯದೆ ಒಂದು ಚೀಲ ಸಿಮೆಂಟಿಗೂ ಸಹಿ ಹಾಕಿದವನಲ್ಲ. ಅಂಥವನು ಸ್ವಂತ ಹೊಲದಲ್ಲಿ ಏನನ್ನೂ ನೋಡದೆ, ಎಣಿಸದೆ, ವಿಷಕ್ಕೆ ಸಹಿ ಹಾಕಿದ್ದೆ. ನಾವು ಅದನ್ನು ‘ಎಣ್ಣೆ’ ಎನ್ನುತ್ತೇವೆ, ‘ಔಷಧಿ’ ಎನ್ನುತ್ತೇವೆ. ಹೆಸರು ಬದಲಾದರೆ ಗುಣ ಬದಲಾಗುವುದಿಲ್ಲ.

ಒಂದು ಭೂತಗನ್ನಡಿ, ಒಂದು ನೋಟ್‌ಬುಕ್

ಮರುದಿನ ಒಂದು ಮೆಣಸಿನ ಟೊಂಗೆ ಹಿಡಿದು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅಲ್ಲಿನ ಕೀಟತಜ್ಞರು ಭೂತಗನ್ನಡಿಯಲ್ಲಿ ಎಲೆಯ ಕೆಳಭಾಗ ನೋಡಿ, ನನಗೂ ತೋರಿಸಿ, ನನ್ನ ತಪ್ಪಿನ ಲೆಕ್ಕ ಬಿಡಿಸಿದರು.

ಎಲೆ ಮೇಲಕ್ಕೆ, ದೋಣಿಯ ಹಾಗೆ ಮುದುಡಿದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕೆಲಸ. ಕೆಳಕ್ಕೆ ಮುದುಡಿದರೆ ಅದು ಮೈಟ್ ನುಸಿಯ ಕೆಲಸ. ನುಸಿ ಕೀಟವೇ ಅಲ್ಲ. ಅದಕ್ಕೆ ಎಂಟು ಕಾಲು, ಜೇಡದ ಕುಲದ್ದು. ನಾನು ಹೊಡೆಸಿದ ವಿಷ ಕೀಟಕ್ಕೆ ಮಾಡಿದ್ದು. ಅದರಿಂದ ನುಸಿ ಸಾಯಲಿಲ್ಲ. ಆದರೆ ಆ ನುಸಿಯನ್ನು ತಿಂದು ಬದುಕುವ ಬೇರೆ ಜಾತಿಯ ನುಸಿಗಳು, ಸಣ್ಣ ಸಣ್ಣ ಮಿತ್ರಕೀಟಗಳು ಸತ್ತವು. ಕಾವಲುಗಾರರನ್ನು ನಾನೇ ಕೊಂದು, ಕಳ್ಳರಿಗೆ ಬಾಗಿಲು ತೆರೆದಿದ್ದೆ. ಹುಳ ಹೆಚ್ಚಾದದ್ದು ಔಷಧಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ.

ಅವತ್ತೇ ಪೇಟೆಯಲ್ಲಿ ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಕೊಂಡೆ. ದಿನಾ ಮುಂಜಾನೆ ಹೊಲದಲ್ಲಿ ಒಂದು ತಾಸು ನೋಡುವುದು, ಬರೆಯುವುದು. ಅದರಿಂದ ತಿಳಿದದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ.

ಕಳ್ಳರು ಯಾರು?

ಬೆಳೆಗೆ ಕೇಡು ಮಾಡುವ ಹುಳಗಳನ್ನು ಅವು ತಿನ್ನುವ ರೀತಿಯಿಂದ ಮೂರು ಪಂಗಡ ಮಾಡಬಹುದು. ಎಲೆ, ಹೂ ಕಡಿದು ತಿನ್ನುವವು. ಸೂಜಿಯಂಥ ಬಾಯಿಂದ ರಸ ಹೀರುವವು. ಕಾಂಡ, ಕಾಯಿ ಕೊರೆದು ಒಳಗೆ ಸೇರುವವು. ಮಿಡತೆ ಮೊದಲ ಪಂಗಡ. ಹೇನು, ಜಿಗಿಹುಳು, ಬಿಳಿನೊಣ, ಥ್ರಿಪ್ಸ್, ಹಿಟ್ಟುತಿಗಣೆ ಎರಡನೆಯದು. ನಮ್ಮ ತೊಗರಿಯ ಹಸಿರು ಕೀಡೆ, ಅಂದರೆ ಕಾಯಿಕೊರಕ, ಮೂರನೆಯದು.

ಕಾಯಿಕೊರಕದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇನ್ನು ಎರಡು ಮೂರು ತಿಂಗಳಿಗೆ ನಿಮ್ಮೆಲ್ಲರ ತೊಗರಿ ಹೂವಿಗೆ ಬರುತ್ತದೆ. ಇದರ ಪತಂಗ ರಾತ್ರಿ ಹಾರಾಡುತ್ತದೆ. ಮೊಗ್ಗು, ಹೂವು, ಎಳೆಗಾಯಿಯ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನದಲ್ಲಿ ಮರಿ ಹೊರಬರುತ್ತದೆ. ಮರಿ ಚಿಕ್ಕದಿದ್ದಾಗ ಹೂವು, ಮೊಗ್ಗು ಕೆರೆದು ತಿನ್ನುತ್ತದೆ. ದೊಡ್ಡದಾದ ಮೇಲೆ ತಲೆಯನ್ನು ಕಾಯಿಯ ಒಳಗೆ ಹಾಕಿ, ಮೈಯನ್ನು ಹೊರಗೆ ಬಿಟ್ಟು ಕಾಳು ತಿನ್ನುತ್ತದೆ. ಎರಡು ಮೂರು ವಾರ ತಿಂದು ಕೆಳಗಿಳಿದು ಮಣ್ಣಿನಲ್ಲಿ ಕೋಶವಾಗುತ್ತದೆ. ಸುಮಾರು ಒಂದು ತಿಂಗಳಿಗೆ ಒಂದು ಸುತ್ತು ಮುಗಿಯಿತು. ತೊಗರಿ ಮುಗಿದರೆ ಕಡಲೆ, ಇಲ್ಲವೆಂದರೆ ಹತ್ತಿ, ಟೊಮೆಟೊ, ಸೂರ್ಯಕಾಂತಿ. ಇದಕ್ಕೆ ಊಟದ ಬರ ಎಂಬುದಿಲ್ಲ. ಮಣ್ಣಿನಲ್ಲಿ ಕೋಶವಾಗಿ ಕೂಡುವುದರಿಂದಲೇ ಹಿರಿಯರ ಬೇಸಿಗೆ ಮಾಗಿ ಉಳುಮೆಗೆ ಇಷ್ಟು ಬೆಲೆ. ಕೋಶ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಇಲ್ಲವೇ ಹಕ್ಕಿಯ ಬಾಯಿಗೆ ಬೀಳುತ್ತದೆ.

ಕಾವಲುಗಾರರು ಯಾರು?

ಇವರಲ್ಲಿಯೂ ಪಂಗಡಗಳಿವೆ. ಮೊದಲನೆಯವರು ಹಿಡಿದು ತಿನ್ನುವವರು. ಇವರಿಗೆ ಪರಭಕ್ಷಕಗಳು ಎನ್ನುತ್ತಾರೆ. ಗುಲಗಂಜಿ ಹುಳು ನಿಮಗೆಲ್ಲ ಗೊತ್ತು. ಕೆಂಪು ಬೆನ್ನು, ಕಪ್ಪು ಚುಕ್ಕೆ. ಆದರೆ ಅದರ ಮರಿಯನ್ನು ಎಷ್ಟು ಜನ ಗುರುತಿಸುತ್ತೀರಿ? ಕಪ್ಪಗೆ, ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಪುಟ್ಟ ಮೊಸಳೆಯ ಹಾಗೆ. ಅದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿಂದಿರುತ್ತದೆ. ನಾನು ಮೊದಲ ಸಲ ಅದನ್ನು ಕಂಡಾಗ ಯಾವುದೋ ಹೊಸ ಪೀಡೆ ಬಂತೆಂದು ಬೆರಳಿನಿಂದ ಹೊಸಕಿ ಹಾಕಿದ್ದೆ. ಇನ್ನೊಂದು, ಹಸಿರು ಜಾಲರಿ ರೆಕ್ಕೆಯ ಕ್ರೈಸೋಪ. ಅದು ಕೂದಲಿನಂಥ ದಂಟಿನ ತುದಿಯಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಎಲೆಯ ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ಕಾಣುತ್ತದೆ. ಅದನ್ನು ಕಂಡರೆ ಆ ಎಲೆಗೆ ಕೈ ಹಚ್ಚಬೇಡಿ. ಜೊತೆಗೆ ಸೂರ್ಯನ ಕುದುರೆ, ಏರೋಪ್ಲೇನ್ ಚಿಟ್ಟೆ. ಜೇಡ ಕೀಟವಲ್ಲದಿದ್ದರೂ ಕೂಲಿ ಇಲ್ಲದೆ ರಾತ್ರಿ ಹಗಲು ಕಾಯುವ ಆಳು.

ಎರಡನೆಯವರು ಪರತಂತ್ರ ಜೀವಿಗಳು. ಇವು ಬೇರೆ ಹುಳದ ಮೈಯೊಳಗೆ ಅಥವಾ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಟ್ರೈಕೋಗ್ರಾಮ ಎಂಬುದು ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಕಡಜ. ಅದು ಪತಂಗದ ಮೊಟ್ಟೆಯಲ್ಲಿಯೇ ಮೊಟ್ಟೆ ಇಡುವುದರಿಂದ ಕೀಡೆ ಹುಟ್ಟುವುದೇ ಇಲ್ಲ. ಕಡಲೆ, ತೊಗರಿಯಲ್ಲಿ ಕ್ಯಾಂಪೊಲೆಟಿಸ್ ಎಂಬ ಇನ್ನೊಂದು ಕಡಜವಿದೆ. ಅದು ಎಳೆಯ ಕೀಡೆಯೊಳಗೆ ಮೊಟ್ಟೆ ಇಡುತ್ತದೆ. ಒಳಗಿನಿಂದಲೇ ತಿಂದು ಬೆಳೆದ ಮರಿ ಹೊರಬಂದು ಸಣ್ಣ ಗೂಡು ನೇಯುತ್ತದೆ. ಬೂದು ಬಣ್ಣದ, ಜೋಳದ ಕಾಳಿಗಿಂತ ಸಣ್ಣ ಗೂಡು, ಪಕ್ಕದಲ್ಲಿ ಒಣಗಿದ ಕೀಡೆಯ ಚರ್ಮ. ಇದನ್ನು ಕೀಡೆಯ ಮೊಟ್ಟೆ ಎಂದು ತಿಳಿದು ತಿಕ್ಕಿ ಹಾಕುವವರನ್ನು ನೋಡಿದ್ದೇನೆ.

ಇಲ್ಲಿ ಒಂದು ಮಾತು. ಪ್ರವಚನಗಳಲ್ಲಿ ಭ್ರಮರ ಕೀಟ ನ್ಯಾಯ ಎಂದು ನಾವೆಲ್ಲ ಕೇಳಿದ್ದೇವೆ. ಭ್ರಮರ ಒಂದು ಕೀಟವನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಕುಟುಕುತ್ತದೆ, ಕೀಟ ಅದನ್ನೇ ಧ್ಯಾನಿಸಿ ಕೊನೆಗೆ ತಾನೂ ಭ್ರಮರವೇ ಆಗುತ್ತದೆ ಎಂದು. ಗುರು ಶಿಷ್ಯ ಸಂಬಂಧಕ್ಕೆ ಅದು ಒಳ್ಳೆಯ ಉಪಮೆ, ಉಪಮೆಯಾಗಿಯೇ ಇರಲಿ. ಆದರೆ ಗೋಡೆಯ ಮೂಲೆಯಲ್ಲಿ ನಡೆಯುವುದು ಬೇರೆ. ಆ ಕಡಜ ಕೀಟವನ್ನು ಕುಟುಕಿ ಮರಗಟ್ಟಿಸಿ, ಗೂಡಿನಲ್ಲಿ ತನ್ನ ಮೊಟ್ಟೆಯ ಜೊತೆ ಇಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಆ ಕೀಟವನ್ನು ತಿಂದು ಬೆಳೆಯುತ್ತದೆ. ಹೊರಗೆ ಬರುವುದು ಬದಲಾದ ಕೀಟವಲ್ಲ, ಕಡಜದ ಸ್ವಂತ ಕೂಸು. ಕೆಲವು ಜಾತಿ ಕಡಜಗಳು ಕೀಡೆಗಳನ್ನು ತರುತ್ತವೆ, ಕೆಲವು ಜೇಡಗಳನ್ನು ತರುತ್ತವೆ. ಕೀಡೆ ತರುವ ಕಡಜದ ಗೂಡು ನಿಮ್ಮ ಹೊಲಮನೆಯ ಗೋಡೆಯಲ್ಲಿದ್ದರೆ ಅದನ್ನು ಕೆಡವಬೇಡಿ. ಅದು ನಿಮ್ಮ ಹೊಲದಿಂದಲೇ ಕೀಡೆ ಹೊತ್ತು ತರುತ್ತಿದೆ.

ಮೂರನೆಯವರು ಪರಾಗಸ್ಪರ್ಶ ಮಾಡುವವರು. ಹೆಜ್ಜೇನು, ತುಡವಿ, ಕೋಲುಜೇನು, ಹಲವು ಬಗೆಯ ಒಂಟಿ ಜೇನುಗಳು. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ಜೊಳ್ಳಾದರೆ ಗೊಬ್ಬರ ಕಡಿಮೆಯಾಯಿತು ಎನ್ನುತ್ತೇವೆ. ಬಹಳ ಸಲ ಕಡಿಮೆಯಾದದ್ದು ಜೇನು. ಹೂವಿನ ಹೊತ್ತಿನಲ್ಲಿ ಮುಂಜಾನೆ ವಿಷ ಹೊಡೆದರೆ ಅವತ್ತು ಬಂದ ಜೇನು ಗೂಡಿಗೆ ಮರಳುವುದಿಲ್ಲ. ನಾಲ್ಕನೆಯವರು ಹೊಲದ ಕಸ ಎತ್ತುವವರು. ಸಗಣಿ ಉರುಳಿಸಿ ಮಣ್ಣಿಗೆ ಸೇರಿಸುವ ದುಂಬಿಗಳು, ಕೊಳೆತದ್ದನ್ನು ಗೊಬ್ಬರ ಮಾಡುವ ಹುಳಗಳು. ಇವರ ಕೆಲಸ ನಿಂತಾಗಲೇ ನಮಗೆ ಗೊತ್ತಾಗುತ್ತದೆ.

ವೇಷ ನೋಡಿ ಮೋಸ ಹೋಗಬೇಡಿ

ಗುಲಗಂಜಿ ಹುಳು ಮಿತ್ರ ಎಂದೆ. ಆದರೆ ಬದನೆ ಗಿಡದಲ್ಲಿ ಅದರದೇ ಕುಲದ ಒಂದು ದುಂಬಿ ಇದೆ. ಬೆನ್ನಿನ ಮೇಲೆ ಚುಕ್ಕೆ ಜಾಸ್ತಿ, ಒಂದು ಜಾತಿಯಲ್ಲಿ 28 ಚುಕ್ಕೆ. ಮಿತ್ರನ ಬೆನ್ನು ಹೊಳೆಯುತ್ತದೆ, ಇದರದು ಮಾಸಲು, ಸಣ್ಣ ರೋಮ ಇರುತ್ತದೆ. ಮಿತ್ರನ ಮರಿ ಚುರುಕಾಗಿ ಓಡಾಡುತ್ತದೆ, ಇದರ ಮರಿ ಹಳದಿ, ಮೈತುಂಬ ಮುಳ್ಳು, ಎಲೆಯ ಹಸಿರು ಕೆರೆದು ಜಾಲರಿ ಮಾಡುತ್ತದೆ. ಒಂದೇ ಮನೆತನ, ಒಬ್ಬ ಕಾವಲುಗಾರ, ಒಬ್ಬ ಕಳ್ಳ. ಮನೆತನ ನೋಡಿ ಮನುಷ್ಯನನ್ನು ಅಳೆಯಬಾರದು ಎಂಬುದನ್ನು ಈ ಮಠದಲ್ಲಿ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಹುಳಕ್ಕೂ ಅದೇ ಮಾತು. ಮಾಡುವ ಕೆಲಸ ನೋಡಬೇಕು.

ಇನ್ನು ಕೆಲವರು ಎರಡೂ ಕಡೆ ಇರುವವರು. ತೊಗರಿ ಹೂವಿಗೆ ಕಪ್ಪು, ಕೆಂಪು ಪಟ್ಟೆಯ ಗುಳ್ಳೆ ದುಂಬಿ ಬರುತ್ತದೆ, ಮುಟ್ಟಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ದೊಡ್ಡದು ಹೂವು ತಿನ್ನುತ್ತದೆ, ಅದು ಕಳ್ಳತನ. ಆದರೆ ಅದರ ಮರಿ ಮಣ್ಣಿನಲ್ಲಿ ಮಿಡತೆಯ ಮೊಟ್ಟೆ ತಿನ್ನುತ್ತದೆ, ಅದು ಉಪಕಾರ. ಇರುವೆ ಕೀಡೆಯನ್ನು ಎಳೆದೊಯ್ಯುತ್ತದೆ. ಅದೇ ಇರುವೆ ಹೇನು ಸೂಸುವ ಸಿಹಿಯ ಆಸೆಗೆ ಗುಲಗಂಜಿ ಹುಳುವನ್ನು ಓಡಿಸಿ ಹೇನನ್ನು ಕಾಯುತ್ತದೆ. ಆದ್ದರಿಂದ ‘ಇದು ಒಳ್ಳೆಯದು, ಇದು ಕೆಟ್ಟದ್ದು’ ಎಂದು ಒಮ್ಮೆ ಬರೆದು ಗೋಡೆಗೆ ಅಂಟಿಸಿದರೆ ಸಾಲದು. ಯಾವ ಬೆಳೆ, ಯಾವ ಹೊತ್ತು, ಎಷ್ಟು ಸಂಖ್ಯೆ, ಇದನ್ನು ನೋಡಬೇಕು.

ಕಬ್ಬು ಕಲಿಸಿದ ಪಾಠ

ನಿಮ್ಮಲ್ಲಿ ಕಬ್ಬು ಬೆಳೆಯುವವರಿಗೆ 2002ನೆಯ ಇಸವಿ ನೆನಪಿರಬಹುದು. ಆ ವರ್ಷ ಮಹಾರಾಷ್ಟ್ರದ ಕಡೆಯಿಂದ ಬಿಳಿ ಉಣ್ಣೆಹೇನು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೆ ಬಂತು. ನಾನು ಆಗ ಕಾಲುವೆಯ ಮೇಲೆ ಕೆಲಸ ಮಾಡುತ್ತಿದ್ದೆ. ತಪಾಸಣೆ ರಸ್ತೆಯಲ್ಲಿ ಜೀಪಿನಿಂದ ನೋಡಿದರೆ ಕಬ್ಬಿನ ಎಲೆಯ ಕೆಳಗೆ ಹತ್ತಿ ಮೆತ್ತಿದಂತೆ ಬೆಳ್ಳಗೆ. ಅವು ಸೂಸಿದ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಅಲ್ಲಿ ಕಪ್ಪು ಬೂಷ್ಟು. ಮೇಲೆ ಬಿಳುಪು, ಕೆಳಗೆ ಮಸಿ. ರೈತರು ಕಂಗಾಲಾಗಿ ಸಿಕ್ಕಿದ್ದನ್ನೆಲ್ಲ ಹೊಡೆದರು. ಆಳೆತ್ತರ ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ಹೋಗುವುದು ಸುಲಭವಲ್ಲ, ಹೋದರೂ ಎಲೆಯ ಕೆಳಗೆ ಕುಳಿತ ಹುಳಕ್ಕೆ ಪೂರಾ ತಾಗುವುದಿಲ್ಲ. ಒಂದು ಕಡೆ ಸತ್ತರೆ ಇನ್ನೊಂದು ಕಡೆಯಿಂದ ಬರುತ್ತಿತ್ತು.

ಕೊನೆಗೆ ಅದನ್ನು ತಗ್ಗಿಸಿದ್ದರಲ್ಲಿ ದೊಡ್ಡ ಪಾಲು ಎರಡು ಸಣ್ಣ ಜೀವಿಗಳದು. ಒಂದು ಡೈಫಾ ಎಂಬ ಪತಂಗದ ಮರಿ. ಉಣ್ಣೆಹೇನಿನ ನಡುವೆಯೇ ಬಲೆ ನೇಯ್ದು ಕುಳಿತು ಅವನ್ನೇ ತಿನ್ನುತ್ತದೆ. ಇನ್ನೊಂದು ಮೈಕ್ರೋಮಸ್, ಕಂದು ಬಣ್ಣದ ಜಾಲರಿ ರೆಕ್ಕೆಯ ಕೀಟ. ಕೃಷಿ ವಿಶ್ವವಿದ್ಯಾಲಯದವರು, ಸಕ್ಕರೆ ಕಾರ್ಖಾನೆಯವರು ಇವನ್ನು ನೆರಳು ಪರದೆಯ ಕೆಳಗೆ ಬೆಳೆಸಿ, ಎಲೆಯ ತುಂಡುಗಳ ಸಮೇತ ರೈತರಿಗೆ ಹಂಚಿದರು. ಇವನ್ನು ಬಿಟ್ಟ ಹೊಲದಲ್ಲಿ ಔಷಧಿ ಹೊಡೆಯಬೇಡಿ ಎಂದರು. ಅದೇ ಕಷ್ಟದ ಮಾತು. ಎಲೆಯ ಮೇಲೆ ಕೀಡೆ ಕಾಣುತ್ತಿದೆ, ಹೊಡೆಯಬೇಡಿ ಎಂದರೆ ಯಾರು ನಂಬುತ್ತಾರೆ? ನಂಬಿ ಕಾಯ್ದವರ ಹೊಲದಲ್ಲಿ ಹೇನು ಇಳಿಯಿತು.

ಇಂಥದ್ದೇ ಇನ್ನೊಂದು ಸಂಗತಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟುತಿಗಣೆ ನಮ್ಮ ರಾಜ್ಯಕ್ಕೂ ಹಬ್ಬಿತು. ಪಪ್ಪಾಯಿಯಷ್ಟೇ ಅಲ್ಲ, ಹಿಪ್ಪುನೇರಳೆಗೂ ಹತ್ತಿತು. ರೇಷ್ಮೆಹುಳು ತಾನೇ ಒಂದು ಕೀಟ. ಅದು ತಿನ್ನುವ ಸೊಪ್ಪಿಗೆ ವಿಷ ಹೊಡೆದರೆ ಅನ್ನ ಕೊಡುವ ಹುಳವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಪೋರ್ಟೊರಿಕೊದಿಂದ ಈ ತಿಗಣೆಯ ಹುಟ್ಟು ಶತ್ರುಗಳಾದ ಸಣ್ಣ ಕಡಜಗಳನ್ನು ತರಿಸಿ, ಅವು ಬೇರೆ ಯಾವುದಕ್ಕೂ ಕೇಡು ಮಾಡುವುದಿಲ್ಲ ಎಂದು ಪರೀಕ್ಷಿಸಿ, ಹೊಲಗಳಿಗೆ ಬಿಟ್ಟರು. ಕೆಲವು ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು.

ಹೊಡೆದಷ್ಟೂ ಏಕೆ ಹೆಚ್ಚುತ್ತದೆ?

ಇದರ ಲೆಕ್ಕ ಬಹಳ ಸರಳ. ಹೇನು ಗಂಡಿಲ್ಲದೆ ಮರಿ ಹಾಕುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಮರಿ ತಾನೇ ತಾಯಿಯಾಗುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳುವಿಗೆ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಮೂರು ವಾರ ಬೇಕು. ಕಳ್ಳರ ಸಂತಾನ ಬೇಗ, ಕಾವಲುಗಾರರದು ನಿಧಾನ. ಎರಡನೆಯದಾಗಿ, ಕಳ್ಳ ಅಡಗಿರುತ್ತಾನೆ. ಕಾಯಿಯೊಳಗೆ, ಎಲೆಯ ಕೆಳಗೆ, ಮಣ್ಣಿನಲ್ಲಿ. ಕಾವಲುಗಾರ ಬೇಟೆ ಹುಡುಕುತ್ತ ಹೊರಗೆ ತಿರುಗುತ್ತಾನೆ. ವಿಷ ಮೊದಲು ತಾಗುವುದು ತಿರುಗುವವನಿಗೆ. ಮೂರನೆಯದಾಗಿ, ವಿಷದಿಂದ ಬದುಕುಳಿದ ಕಾವಲುಗಾರನಿಗೆ ತಿನ್ನಲು ಏನೂ ಇರುವುದಿಲ್ಲ, ಹೊಲ ಬಿಟ್ಟು ಹೋಗುತ್ತಾನೆ. ಆಮೇಲೆ ಮೊಟ್ಟೆಯೊಡೆದು ಬರುವ ಕಳ್ಳರ ಮುಂದೆ ಬಾಗಿಲು ತೆರೆದಿರುತ್ತದೆ. ಅಲ್ಲದೆ, ಅದೇ ವಿಷ ಮತ್ತೆ ಮತ್ತೆ ಹೊಡೆದರೆ ಅದನ್ನು ತಡೆದುಕೊಂಡ ಹುಳದ ಸಂತಾನವೇ ಉಳಿಯುತ್ತದೆ. ಕಾಯಿಕೊರಕ ಹೀಗೆಯೇ ಹಲವು ಔಷಧಿಗಳನ್ನು ಜೀರ್ಣಿಸಿಕೊಂಡಿತು.

ನಾನು ಈಗ ಮಾಡುವುದು

ಈಗ ತೊಗರಿ ಮೊಗ್ಗಿಗೆ ಬಂದಾಗ ಎಕರೆಗೆ ಎರಡು ಮೋಹಕ ಬಲೆ ಕಟ್ಟುತ್ತೇನೆ. ಗಂಡು ಪತಂಗ ಅದರಲ್ಲಿ ಬೀಳುತ್ತದೆ. ಬಲೆ ಹುಳವನ್ನೆಲ್ಲ ಹಿಡಿದುಬಿಡುತ್ತದೆ ಎಂದಲ್ಲ. ಅದು ನನಗೆ ಮಳೆಮಾಪಕ ಇದ್ದ ಹಾಗೆ, ಪತಂಗ ಬರತೊಡಗಿತು ಎಂದು ತಿಳಿಸುತ್ತದೆ. ವಾರಕ್ಕೆ ಎರಡು ಸಲ ಹೊಲದ ಐದು ಜಾಗದಲ್ಲಿ ನಾಲ್ಕು ನಾಲ್ಕು, ಒಟ್ಟು ಇಪ್ಪತ್ತು ಗಿಡ ನೋಡಿ ಎಣಿಸುತ್ತೇನೆ. ಗಿಡಕ್ಕೆ ಸರಾಸರಿ ಎರಡು ಮೊಟ್ಟೆ ಅಥವಾ ಒಂದು ಕೀಡೆ ಇದ್ದರೆ ಕ್ರಮ ಕೈಗೊಳ್ಳಬೇಕು, ಅದಕ್ಕಿಂತ ಕಡಿಮೆಯಿದ್ದರೆ ಕಾಯಬೇಕು ಎಂದು ಕೃಷಿ ವಿಜ್ಞಾನಿಗಳ ಸಲಹೆ. ಅದರ ಜೊತೆಗೇ ಜೇಡ ಎಷ್ಟು, ಗುಲಗಂಜಿ ಎಷ್ಟು, ಕಡಜದ ಗೂಡು ಎಷ್ಟು ಎಂದೂ ಬರೆಯುತ್ತೇನೆ.

ಮೊಟ್ಟೆ ಕಂಡ ಹೊತ್ತಿಗೆ ಬೇವಿನ ಬೀಜದ ಕಷಾಯ. ಐದು ಕಿಲೋ ಬೀಜದ ತಿರುಳಿನ ಪುಡಿ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮುಂಜಾನೆ ಹಿಂಡಿ ಸೋಸಿ, ಸ್ವಲ್ಪ ಸೋಪಿನ ನೀರು ಕೂಡಿಸಿ, ಒಟ್ಟು ನೂರು ಲೀಟರ್ ಮಾಡಿ, ಇಳಿಹೊತ್ತಿನಲ್ಲಿ ಸಿಂಪಡಿಸಬೇಕು. ಕೀಡೆ ದೊಡ್ಡದಾಗಿದ್ದರೆ ಕಲಬುರಗಿ ಕಡೆಯ ರೈತರು ಮೊದಲಿನಿಂದ ಮಾಡುತ್ತ ಬಂದದ್ದೇ ದಾರಿ: ಸಾಲಿನ ನಡುವೆ ತಾಡಪಾಲು ಹಾಸಿ ಗಿಡ ಅಲ್ಲಾಡಿಸಿ, ಉದುರಿದ ಕೀಡೆ ಆರಿಸುವುದು. ಮನೆಮಂದಿಯೆಲ್ಲ ಸೇರಿದರೆ ಎಕರೆ ಮುಗಿಯಲು ಹೊತ್ತು ಹಿಡಿಯುವುದಿಲ್ಲ. ಹೊಲದ ನಡುನಡುವೆ ಹಕ್ಕಿ ಕೂಡಲು ಟಿಸಿಲು ಕಟ್ಟಿಗೆ ನಿಲ್ಲಿಸುತ್ತೇನೆ, ಒಂದಿಷ್ಟು ಚುರಮುರಿ ಎರಚುತ್ತೇನೆ. ಎಳ್ಳ ಅಮಾವಾಸ್ಯೆಗೆ ನಾವು ಚರಗ ಚೆಲ್ಲುತ್ತೇವಲ್ಲ, ಅದನ್ನು ತಿನ್ನಲು ಬಂದ ಹಕ್ಕಿ ಬರಿ ಅನ್ನ ತಿಂದು ಹೋಗುವುದಿಲ್ಲ, ಕೀಡೆಯನ್ನೂ ಆರಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ವರ್ಷ ಲೆಕ್ಕ ಮಿತಿ ಮೀರಿತು. ಮೋಡ ಮುಚ್ಚಿದ ವಾತಾವರಣ, ಗಿಡಕ್ಕೆ ಎರಡು ಮೂರು ಕೀಡೆ. ಆಗ ತಜ್ಞರನ್ನು ಕೇಳಿ, ಒಂದೇ ಔಷಧಿ, ಹೇಳಿದ ಅಳತೆಯಲ್ಲಿ, ಒಂದೇ ಸಲ ಹೊಡೆದೆ. ಎಂದೂ ಹೊಡೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಕಾಯಿಲೆಯಾದ ಮೇಲೆ ಮಾತ್ರೆ ನುಂಗುವುದು ಬೇರೆ, ಕಾಯಿಲೆಯಿಲ್ಲದೆ ಮಾತ್ರೆಯಿಂದಲೇ ಹೊಟ್ಟೆ ತುಂಬಿಸುವುದು ಬೇರೆ. ಒಂದು ವರ್ಷ ನಾನು ಕಾಯ್ದದ್ದು ಹೆಚ್ಚಾಗಿ ಒಂದಿಷ್ಟು ತೊಗರಿ ಹೋಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ವರ್ಷಗಳ ಲೆಕ್ಕ ಕೂಡಿಸಿದರೆ, ಔಷಧಿಗೆ ಕೊಟ್ಟ ಹಣ ಉಳಿದದ್ದೇ ಹೆಚ್ಚು.

ದಯೆಯ ಮಾತು

ಕಳೆದ ಸಲ ಒಬ್ಬ ತಾಯಿ ನನ್ನನ್ನು ಕೇಳಿದರು: ‘ದಯೆ ಇರಬೇಕು ಅಂತೀರಿ, ಹುಳ ಕೊಂದರ ಪಾಪ ಅಲ್ಲೇನ್ರಿ?’ ನಾನು ಪಂಡಿತನಲ್ಲ. ನನಗೆ ತೋಚಿದ್ದು ಇಷ್ಟು. ಬೆಳೆ ಕಾಯುವುದು ರೈತನ ಕಾಯಕ. ಅದಕ್ಕಾಗಿ ಕೀಡೆ ಕೊಲ್ಲಬೇಕಾದೀತು. ಆದರೆ ಯಾರು ಕಳ್ಳ ಎಂದು ತಿಳಿಯುವ ಶ್ರಮವನ್ನೂ ಮಾಡದೆ ಕಾವಲುಗಾರ, ಜೇನು, ಹಕ್ಕಿ ಎಲ್ಲರನ್ನೂ ಕೊಲ್ಲುವುದು ಕಾಯಕವಲ್ಲ, ಸೋಮಾರಿತನ. ಇನ್ನೂ ಒಂದು ಮಾತು. ಹುಳದ ಮೇಲಿನ ದಯೆಗಿಂತ ಮೊದಲು ಪಂಪು ಹೊತ್ತವನ ಮೇಲಿನ ದಯೆ ಬರಬೇಕು. ಹೊಲದ ಒಡೆಯ ಬದುವಿನ ನೆರಳಿನಲ್ಲಿ ನಿಂತಿರುತ್ತಾನೆ, ವಿಷ ಉಸಿರಾಡುವವನು ಕೂಲಿಯವನು. ನಾನು ಹಾಗೆ ನಿಂತಿದ್ದೆ. ದಾಸೋಹಕ್ಕೆ ಕಳಿಸುವ ಒಂದು ಚೀಲ ತೊಗರಿಯ ಹಿಂದೆ ಯಾರ ಉಸಿರು ಹೋಗಿದೆ ಎಂದು ಕೇಳಿಕೊಳ್ಳದಿದ್ದರೆ ಆ ದಾಸೋಹಕ್ಕೆ ಅರ್ಥವಿಲ್ಲ.

ಪೂಜ್ಯರ ಸನ್ನಿಧಿಯಲ್ಲಿ ನಾಲ್ಕು ಬಿನ್ನಹಗಳು.

ಒಂದು, ಬೇವಿನ ಬೀಜ ಉದುರುವ ದಿನಗಳಲ್ಲಿ, ಅಂದರೆ ಕಾರಹುಣ್ಣಿಮೆಯ ಆಸುಪಾಸಿನಲ್ಲಿ, ಮಠದ ಆವರಣದ ಮತ್ತು ಊರಿನ ಬೇವಿನ ಬೀಜ ಆರಿಸಿ ಒಣಗಿಸಿ ಇಡೋಣ. ಹೂವಿನ ಹೊತ್ತಿಗೆ ಯಾರಿಗೂ ಕೊರತೆಯಾಗದು.

ಎರಡು, ಕೈಗವಸು, ಮುಖಕವಚ, ಕನ್ನಡಕ, ಉದ್ದ ತೋಳಿನ ಅಂಗಿ, ಇವುಗಳ ನಾಲ್ಕು ಜೊತೆ ಮಠದಲ್ಲಿ ಇರಲಿ. ಬೇಕಾದವರು ಒಯ್ದು, ತೊಳೆದು, ಮರಳಿ ತರಲಿ. ಇದರ ಖರ್ಚು ನನ್ನದು.

ಮೂರು, ಬಾಟಲಿಯ ಮೇಲೆ ತ್ರಿಕೋನದ ಗುರುತು ನೋಡುವುದನ್ನು ಎಲ್ಲರೂ ಕಲಿಯೋಣ. ಕೆಂಪು ಎಂದರೆ ಅತಿ ಘೋರ ವಿಷ, ಅದರ ಕೆಳಗೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ, ಕಡಿಮೆ ವಿಷ ಅಷ್ಟೆ. ಯಾರಿಗಾದರೂ ತಲೆ ಸುತ್ತಿದರೆ ಆಸ್ಪತ್ರೆಗೆ ಬಾಟಲಿಯನ್ನೂ ಒಯ್ಯಿರಿ.

ನಾಲ್ಕು, ನಮ್ಮ ಶಾಲೆಯ ಮಕ್ಕಳಿಗೆ ಒಂದೊಂದು ಭೂತಗನ್ನಡಿ ಕೊಡೋಣ. ರವಿವಾರ ಅವರು ಅಪ್ಪನ ಹೊಲದ ಇಪ್ಪತ್ತು ಗಿಡ ಎಣಿಸಿ ಬರೆಯಲಿ. ಅಕ್ಷರ ಬಾರದ ಅಪ್ಪನಿಗೆ ಮಗಳು ಲೆಕ್ಕ ಹೇಳಲಿ.

ಆ ತಮ್ಮ ಈಗಲೂ ನಮ್ಮ ಹೊಲದಲ್ಲಿಯೇ ಇದ್ದಾನೆ. ಈಗ ನನಗಿಂತ ಚೆನ್ನಾಗಿ ಹುಳ ಗುರುತಿಸುತ್ತಾನೆ. ಕಳೆದ ವರ್ಷ ಹೊಸದಾಗಿ ಬಂದ ಒಬ್ಬ ಹುಡುಗ ಗುಲಗಂಜಿಯ ಮರಿಯನ್ನು ಹೊಸಕಲು ಕೈ ಎತ್ತಿದ. ಇವನು ಅವನ ಕೈ ಹಿಡಿದು, ‘ಬ್ಯಾಡೋ, ಅದು ನಮ್ಮ ಆಳು’ ಎಂದ. ನಾನು ಇಷ್ಟು ಹೊತ್ತು ಹೇಳಿದ್ದೂ ಅದೇ ಮಾತು. ನಮ್ಮ ಆಳುಗಳು ಯಾರು ಎಂದು ತಿಳಿದುಕೊಂಡು, ಆಮೇಲೆ ಕೈ ಎತ್ತೋಣ.